ಬೀಗದ ಕೈ

ಹದಿನಾರು ತಿಂಗಳು ಅವರ ಮನೆಯ ಬೀಗದ ಕೈ
ನನ್ನ ಸೊಂಟದಲ್ಲಿತ್ತು.
ರವಾಯಿ ಕಡಲಿನಿಂದ ಮೂರನೆಯ ಓಣಿ, ನೀಲಿ ಗೇಟು.
ಭಾನುವಾರ ಕಿಟಕಿ ತೆರೆದು ಗಾಳಿಯನ್ನು ಒಳಗೆ ಕರೆಯುವುದು,
ಬುಧವಾರ ಸ್ಕೂಟರನ್ನು ಒದ್ದು ಎಬ್ಬಿಸಿ
ಹತ್ತು ನಿಮಿಷ ಕೆಮ್ಮಿಸಿ ಮತ್ತೆ ಮಲಗಿಸುವುದು,
ದಿನಾ ಕರಿನಾಯಿಗೆ ಅನ್ನ,
ಗೋಡೆಗೆ ತೂಗುವ ಕರಿ ಕೋಟಿನ ಜೇಬಿಗೆ ನುಸಿಗುಳಿಗೆ.
ಈ ಸೆಕೆಯ ಊರಲ್ಲಿ ಕೋಟು ಯಾತಕ್ಕೋ,
ನಾನು ಕೇಳಿದವಳಲ್ಲ.

ಹೆನ್ನಿಂಗ್ ಸಾಹೇಬರು ಡೆನ್ಮಾರ್ಕಿನವರು,
ನಲವತ್ತು ವರ್ಷ ಪಿಯಾನೊ ಶ್ರುತಿ ಮಾಡಿದವರು.
ನನ್ನ ಹೆಸರು ಮಾತ್ರ ಅವರ ಬಾಯಲ್ಲಿ
ಇನ್ನೂ ಶ್ರುತಿಗೆ ಕೂತಿಲ್ಲ.
ವಂಪೆನ್ ಎಂದರೆ ಹುಣ್ಣಿಮೆ.
ಅವರು ಕರೆದರೆ ಯಾವುದೋ ಪಾತ್ರೆ ಬಿದ್ದಂತಾಗುತ್ತದೆ.
ಎರಡು ವಾರಕ್ಕೆಂದು ತಮ್ಮನನ್ನು ನೋಡಲು ಹೋದರು.
ಬೆನ್ನಿಗೇ ಆಕಾಶ ಬಾಗಿಲು ಹಾಕಿಕೊಂಡಿತು.

ಆಮೇಲೆ ನಮ್ಮ ಊರು ನೋಡಬೇಕಿತ್ತು.
ಹೋಟೆಲಿನ ಈಜುಕೊಳದಲ್ಲಿ ಕಪ್ಪೆಗಳು ಸಂಸಾರ ಹೂಡಿದವು.
ಮಸಾಜಿನ ಸುಪತ್ರಾ ಮೊಟ್ಟೆ ಮಾರಿದಳು,
ಮೊಟ್ಟೆಗೂ ಗಿರಾಕಿ ಇಲ್ಲದಾಗ ತಾನೇ ಬೇಯಿಸಿ ತಿಂದಳು.
ಪ್ರಾಸಿತ್ ದೋಣಿಯ ಎಂಜಿನ್ ಮಾರಿ ಹುಟ್ಟು ಕೊಂಡ.
ವಿಹಾರದ ಎದುರು ಅನ್ನದ ಸಾಲು;
ಆ ಸಾಲಿನಲ್ಲಿ ನಾನೂ ನಿಂತೆ, ಸೊಂಟದಲ್ಲಿ
ಮೂರು ಕೋಣೆ ಮನೆಯ ಬೀಗದ ಕೈ ಸಿಕ್ಕಿಸಿಕೊಂಡು.
ಒಂದು ರಾತ್ರಿಯೂ ಅವರ ಮಂಚದಲ್ಲಿ ಮಲಗಿಲ್ಲ.
ಸುಳ್ಳೇಕೆ, ಒಂದು ರಾತ್ರಿ ಮಲಗಿದ್ದೆ.
ಏಸಿ ಹಾಕಲಿಲ್ಲ.

ಆಮೇಲೆ ಟಿವಿ ಹೇಳಿತು: ದ್ವೀಪ ತೆರೆಯುತ್ತದೆ.
ವಿಮೆ ಇದ್ದವರಿಗೆ, ಎರಡು ಸೂಜಿ ಆದವರಿಗೆ,
ಹೋಟೆಲಿಗೆ ಮುಂಗಡ ಕಟ್ಟಿದವರಿಗೆ.
ನಮ್ಮ ತೋಳಿಗೂ ಸೂಜಿ ಬಂತು, ಎಷ್ಟೋ ಊರಿಗಿಂತ ಮೊದಲು.
ನೆಂಟರು ಬರುವ ಮುಂಚೆ
ಗೋಡೆಗೆ ಸುಣ್ಣ ಹೊಡೆಯುವುದಿಲ್ಲವೇ, ಹಾಗೆ.

ಅದೇ ವಾರ ತ್ರಾಂಗಿನಲ್ಲಿ ಅಕ್ಕ ಬುನ್ನಾಕ್ ಹೋದಳು.
ಮೀನು ಮಾರುವವಳು,
ತಕ್ಕಡಿಗಿಂತ ಮುಂಚೆ ಅಂಗೈಯೇ ತೂಕ ಹೇಳುತ್ತಿತ್ತು.
ದ್ವೀಪಕ್ಕೂ ನೆಲಕ್ಕೂ ನಡುವೆ ಒಂದೇ ದಾರಿ, ಸೇತುವೆ.
ಆಚೆ ಹೋಗಬಹುದು, ಎಂದ ಪೊಲೀಸು ಹುಡುಗ,
ವಾಪಸು ಬರುವ ಮಾತು ಮಾತ್ರ ಕೇಳಬೇಡ ದೊಡ್ಡಮ್ಮ.
ಅವನ ಬೆನ್ನ ಹಿಂದೆ ಅನಾನಸಿನ ಲಾರಿ ಸಲೀಸಾಗಿ ದಾಟಿತು.
ನಮ್ಮ ತಲೆಯ ಮೇಲೆ ಬಿಳಿ ಹೊಟ್ಟೆ ತೋರಿಸುತ್ತ
ವಿಮಾನವೊಂದು ಇಳಿಯಿತು.

ನಾನು ಹೋಗಲಿಲ್ಲ.
ಗುರುವಾರ ಸಾಹೇಬರು ಬರುವವರಿದ್ದರು,
ಹಾಸಿಗೆ ಬಿಸಿಲಿಗೆ ಹಾಕಬೇಕಿತ್ತು.
ಅರ್ಧ ಸಂಬಳ, ಒಂದು ತಿಂಗಳೂ ತಪ್ಪದೆ, ಕಳಿಸಿದ್ದರು;
ಆ ಋಣವನ್ನು ಬೈಯುತ್ತ ಬಸ್ಸು ಹತ್ತಿದೆ.
ಅಕ್ಕನ ಚಿತೆಯನ್ನು ಫೋನಿನಲ್ಲಿ ನೋಡಿದೆ.
ಸಿಗ್ನಲ್ ಇರಲಿಲ್ಲ,
ಬೆಂಕಿ ನಿಂತು ನಿಂತು ಉರಿಯಿತು.

ಗುರುವಾರ. ನೀಲಿ ಗೇಟಿನ ಮುಂದೆ ಸಾಹೇಬರು,
ಕಡ್ಡಿ ತುರುಕಿಸಿಕೊಂಡ ಮೂಗು ಕೆಂಪಗೆ,
ಮಣಿಕಟ್ಟಿಗೆ ಹೋಟೆಲಿನ ಪಟ್ಟಿ.
ಹದಿನಾಲ್ಕು ರಾತ್ರಿ ಅಲ್ಲೇ ಮಲಗಬೇಕಂತೆ,
ಸ್ವಂತ ಮನೆಗೆ ಹಗಲಿನ ನೆಂಟ.
ನಾಯಿ ಅವರನ್ನು ಮೂಸಿ ನನ್ನ ಮುಖ ನೋಡಿತು:
ಬಿಡಲೋ, ಬೇಡವೋ?
ಸಬಾಯ್? ಎಂದು ಕೇಳಿದರು.
ಸಬಾಯ್, ಎಂದೆ. ಕ್ಷೇಮ.
ಆ ಪ್ರಶ್ನೆಗೆ ಬೇರೆ ಉತ್ತರ ಉಂಟೆಂದು
ಅವರಿಗೆ ನಾನು ಕಲಿಸಿರಲಿಲ್ಲ.

ಒಳಗೆ ಹೋಗಿ ಕೋಟಿನ ತೋಳು ಹಿಡಿದು ನಿಂತರು, ಬಹಳ ಹೊತ್ತು.
ಸಾವಿನ ಮನೆಗೆಂದೇ ಹೊಲಿಸಿದ್ದಂತೆ.
ತಮ್ಮ ಹೋದ, ಎಂದರು, ಜನವರಿಯಲ್ಲಿ.
ಕೋಟು ಇಲ್ಲಿ ಉಳಿದಿತ್ತು.
ಅವನ ಮಣ್ಣಿಗೆ ಯಾರದೋ ಕೋಟು ತೊಟ್ಟು ಹೋದೆ,
ತೋಳು ಇಷ್ಟುದ್ದ.
ಅಳತೆ ತೋರಿಸಲು ಕೈ ಎತ್ತಿದವರು ಇಳಿಸಲೇ ಇಲ್ಲ.
ನಾನು ನೀರು ತಂದುಕೊಟ್ಟೆ.
ಅಕ್ಕನ ಮಾತು ಎತ್ತಬಹುದಿತ್ತು. ಎತ್ತಲಿಲ್ಲ.

ಬೀಗದ ಕೈ ಕೊಡಹೋದರೆ
ಹದಿನಾಲ್ಕು ದಿನ ನಿನ್ನಲ್ಲೇ ಇರಲಿ, ಎಂದರು.
ಸಂಜೆ ಅವರನ್ನು ಹೋಟೆಲಿಗೆ ಸಾಗಹಾಕಿ ಗೇಟು ಮುಚ್ಚಿದೆ.
ಆಚೆ ಓಣಿಯಲ್ಲಿ ಯಾರೋ
ಹದಿನಾರು ತಿಂಗಳ ಮೇಲೆ ಮೊದಲ ಸಲ
ಮಾವಿನ ಹಣ್ಣಿಗೆ ಇಂಗ್ಲಿಷಿನಲ್ಲಿ ಬೆಲೆ ಕೂಗುತ್ತಿದ್ದರು.
ಒಂದು ಅಂಕಿ ಮರೆತು, ನಕ್ಕು,
ಮತ್ತೆ ಮೊದಲಿಂದ.